ಆನೆ ಗುದ್ದಿದರೂ ಬಗ್ಗದ ಕಾರು

ಹರಿಹರದ ಹೊಳೆದಂಡೆಯಲ್ಲಿ ಒಬ್ಬ ಗುರುವಿದ್ದರು. ಪರ್ಣಕುಟಿ ಎಂದುಕೊಳ್ಳಬೇಡಿ, ತಗಡಿನ ಶೆಡ್ಡು. ಅಪಘಾತದಲ್ಲಿ ಜಜ್ಜಿಹೋದ ಕಾರುಗಳನ್ನು ಮತ್ತೆ ಕಾರಿನ ಆಕಾರಕ್ಕೆ ತರುವುದೇ ಅಲ್ಲಿನ ತಪಸ್ಸು.

ಗುರುವಿನ ಹೆಸರು ಮೋನಪ್ಪಾಚಾರ್. ಶಿಷ್ಯ ತಿಪ್ಪೇಶಿ. ಡೆಂಟು ತೆಗೆದು, ಬಾಗಿಲು ಕೂಡಿಸಿ ಕೈ ಪಳಗಿಸಿಕೊಂಡಿದ್ದ ಅವನಿಗೆ ಆ ವಾರ ಮೊದಲ ಬಾರಿಗೆ ಗುರುಗಳು ಕಾರಿನ ಎಲುಬಿನ ಕೆಲಸ ಒಪ್ಪಿಸಿದ್ದರು.

ಕಾರು ಶಿವಲೀಲಾ ಟೀಚರ್ ಅವರದು. ಹುಣಸೆಮರಕ್ಕೆ ಗುದ್ದಿತ್ತು. ಬಂಪರಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡಿರುವ ಉಕ್ಕಿನ ತೋಳುಗಳಲ್ಲಿ ಎಡಗಡೆಯದು ಸೀರೆಯ ನೆರಿಗೆಯಂತೆ ಮಡಚಿಹೋಗಿತ್ತು.

ಟೀಚರ್ ಮಗಳು ಹೆತ್ತಿದ್ದಳು. ಬಾಣಂತಿ, ಕೂಸು ಇಬ್ಬರೂ ಆಸ್ಪತ್ರೆಯಿಂದ ಇದೇ ಕಾರಿನಲ್ಲಿ ಮನೆಗೆ ಬರಬೇಕಿತ್ತು.

ಕೂಸು ಕೂರುವ ಕಾರೆಂದು ತಿಪ್ಪೇಶಿ ಜೀವ ತೇಯ್ದು ದುಡಿದ. ಮುಗಿಸಿ ಟೀಚರಿಗೆ ಫೋನು ಮಾಡಿದ, ಆಮೇಲೆ ಗುರುಗಳನ್ನು ಕರೆದ.

“ಗುರುಗಳೇ, ಆನಿ ಬಂದು ಗುದ್ದಿದ್ರೂ ಇದು ಬಗ್ಗಂಗಿಲ್ರೀ.”

“ಏನ್ ಹಾಕೀದಿ?”

“ಗುಜರಿಯೊಳಗ ಇಂಥದ್ದೇ ಕಾರಿನ ತೋಳು ಸಿಕ್ತು. ಸ್ವಲ್ಪ ಸೊಟ್ಟ ಇತ್ತು, ಬಡಿದು ನೆಟ್ಟಗ ಮಾಡಿದೆ. ಅದರೊಳಗ ಟ್ರ್ಯಾಕ್ಟರ್ ಟ್ರೇಲರಿನ ದಪ್ಪ ಪಟ್ಟಿ ಇಟ್ಟು ವೆಲ್ಡ್ ಹೊಡದೀನಿ. ಕಂಪನಿಯವರಿಗೂ ಈ ಬುದ್ಧಿ ಹೊಳದಿಲ್ಲ ನೋಡ್ರಿ.”

ಗುರುಗಳು ಬಗ್ಗಿ ನೋಡಿದರು. ವೆಲ್ಡಿಂಗು ಮುತ್ತು ಪೋಣಿಸಿದ ಹಾಗಿತ್ತು. ಅವರ ಮುಖದಲ್ಲಿ ನಗೆ ಕಂಡು ಶಿಷ್ಯ ಉಬ್ಬಿ ಪೂರಿಯಾದ.

“ಹೊರಗ ಬಾ,” ಎಂದರು ಗುರುಗಳು. “ಆ ಕಟ್ಟೆ ಮ್ಯಾಲಿಂದ ಜಿಗಿ.”

ಮೊಣಕಾಲೆತ್ತರದ ಕಟ್ಟೆ. ತಿಪ್ಪೇಶಿ ಹತ್ತಿ ಜಿಗಿದ.

“ಇನ್ನೊಂದ್ಸಲ. ಈಗ ಮೊಣಕಾಲು ಬಗ್ಗಿಸಬ್ಯಾಡ. ಕಂಬದಂಗ ನಿಂತ್ಕೊಂಡೇ ಬೀಳು.”

ಗುರುವಾಕ್ಯ ಮೀರುವಂತಿಲ್ಲ. ತಿಪ್ಪೇಶಿ ಕಂಬವಾದ. ಧಪ್ ಎಂದದ್ದು ಅಂಗಾಲು, ಕಟಕ್ ಎಂದದ್ದು ಹಲ್ಲು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನಕ್ಕರು.

“ಅಯ್ಯಪ್ಪೋ! ನೆತ್ತಿಗೆ ಬಡೀತ್ರೀ!”

“ಕಾಲು ಬಗ್ಗಿತಾ?”

“ಇಲ್ರೀ.”

“ಭಾರಿ ಗಟ್ಟಿ ಕಾಲು. ಹಂಗಾದ್ರ ಏಟು ಎಲ್ಲಿಗೆ ಹೋತು?”

ತಿಪ್ಪೇಶಿ ತಲೆ ಸವರಿಕೊಂಡ.

ಗುರುಗಳು ಒಳಗೆ ಹೋಗಿ, ಮೂಲೆಗೆ ಬಿಸಾಡಿದ್ದ ಮಡಚಿದ ತೋಳನ್ನು ಎತ್ತಿ ತಂದರು.

“ಬಿಚ್ಚಿದ ದಿನ ಇದಕ್ಕ ಏನಂದಿದ್ದಿ?”

“ಹೇಡಿ ಕಬ್ಬಿಣ ಅಂದಿದ್ದೆ. ಒಂದೇ ಏಟಿಗೆ ಕಾಲಿಗೆ ಬಿತ್ತು ಅಂತ.”

“ಮರಕ್ಕ ಗುದ್ದಿದಾಗ ಟೀಚರ್ ಎಲ್ಲಿ ಕುಂತಿದ್ರು?”

“ಸ್ಟೇರಿಂಗ್ ಹಿಂದ.”

“ಎಷ್ಟು ಪೆಟ್ಟಾತು?”

“ಗದ್ದ ತರಚಿತ್ತು, ಅಷ್ಟೇ. ಮರುದಿನಾನೇ ಸಾಲಿಗೆ ಹೋಗಿ ಹುಡುಗರಿಗೆ ಬೈದಾರ.”

ಗುರುಗಳು ತೋಳನ್ನು ಅವನ ಮುಂದೆ ಹಿಡಿದರು. ಶಿಷ್ಯ ಆ ಮಡಚಿದ ಉಕ್ಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಮೊದಲು ನಾಚಿಕೆಯಾಯಿತು. ಆಮೇಲೆ ಭಯವಾಯಿತು. ತಾನಿಟ್ಟ ಪಟ್ಟಿ ಬಗ್ಗದಿದ್ದರೆ ಏಟೆಲ್ಲ ಸೀಟಿಗೆ, ಬಟ್ಟೆಯಲ್ಲಿ ಸುತ್ತಿದ ಕೂಸಿಗೆ ಹೋಗುತ್ತಿತ್ತು.

“ಪಟ್ಟಿ ಕಿತ್ತು ಹಾಕ್ತೀನ್ರಿ. ಗುಜರಿ ತೋಳು ಇರ್ಲಿ? ಅದು ನೆಟ್ಟಗ ಐತಲ್ರಿ.”

“ನೆಟ್ಟಗ ಮಾಡಿದವ ಯಾರು?”

“ನಾನೇ.”

“ಅಂದ್ರ ಅದು ಒಂದ್ಸಲ ಯಾರಿಗೋ ಮಣದೈತಿ. ಅದರ ಪುಣ್ಯ ಅಲ್ಲಿಗೆ ಖರ್ಚಾತು. ಮತ್ತ ಎಲ್ಲಿ ಮಣೀಬೇಕು, ಎಷ್ಟು ಮಣೀಬೇಕು ಅನ್ನೋದು ಅದಕ್ಕ ನೆನಪಿರಂಗಿಲ್ಲ.”

ತಿಪ್ಪೇಶಿ ಸುಲಭಕ್ಕೆ ಬಿಡುವವನಲ್ಲ. “ಹೋದ ತಿಂಗಳು ಬಾಗಿಲ ಹಿಡಿಕೆ ನೀವೇ ಗುಜರಿಯಿಂದ ತಂದ್ರಲ್ರಿ!”

“ಹಿಡಿಕೆ ಕೈ ಕೊಟ್ರ ಬೈಗುಳ ತಿಂತೀವಿ. ಇದು ಕೈ ಕೊಟ್ರ?” ಗುರುಗಳು ಕಾರಿನ ಮೇಲೆ ಅಂಗೈ ಇಟ್ಟರು. “ಈ ಕಾರಿಗಂತಾನೇ ಮಾಡಿದ ಹೊಸ ತೋಳು ತರ್ಸು.”

“ಬರಾಕ ದಿನಾ ಹಿಡೀತಾವ್ರಿ. ಬಾಣಂತಿ ನಾಳೇನೇ ಬರ್ತಾಳ. ಟೀಚರಿಗೆ ಏನ್ ಹೇಳ್ಲಿ?”

“ನಿಜ ಹೇಳು.”

ಸಂಜೆ ಟೀಚರ್ ಬಂದರು. ತಿಪ್ಪೇಶಿ ಕೈ ಕಟ್ಟಿಕೊಂಡು ಎಲ್ಲವನ್ನೂ ಹೇಳಿದ.

“ಆನಿ ಗುದ್ದಿದ್ರೂ ಬಗ್ಗಂಗಿಲ್ಲ ಅಂತ ಫೋನಿನಾಗ ಕುಣದಾಡಿದ್ಯಲ್ಲೋ!”

“ಅದೇ ತಪ್ಪಾಗಿದ್ದು ಟೀಚರ್.”

ಟೀಚರ್ ಬೈದರು. ಮಗ್ಗಿ ಬಾರದ ಹುಡುಗನಿಗೆ ಬೈಯುವ ಹಾಗೆ, ಮನಸಾರೆ ಬೈದರು. ಆಮೇಲೆ ಆ ಮಡಚಿದ ಉಕ್ಕನ್ನು ನೋಡಿದರು, ತಮ್ಮ ಗದ್ದ ಮುಟ್ಟಿಕೊಂಡರು.

“ಆಟೋದಾಗ ಕರ್ಕೊಂಡು ಬರ್ತೀನಿ. ಹೆಸರಿಡೋ ಹೊತ್ತಿಗಾದ್ರೂ ಕಾರು ಕೊಡಪ್ಪ.”

ಹೊಸ ತೋಳು ಬಂತು. ತಿಪ್ಪೇಶಿ ತಾನು ಕೂಡಿಸಿದ್ದನ್ನೆಲ್ಲ ಕಿತ್ತು ತೆಗೆದ. ಅಳತೆ ನೋಡಿ, ಮತ್ತೆ ನೋಡಿ, ಕಂಪನಿ ಹೇಳಿದ ಜಾಗದಲ್ಲಷ್ಟೇ ವೆಲ್ಡ್ ಹಾಕಿದ. ತನ್ನ ಬುದ್ಧಿಯಿಂದ ಒಂದು ಚುಕ್ಕೆಯನ್ನೂ ಸೇರಿಸಲಿಲ್ಲ. ಅವನಂಥವನಿಗೆ ಅದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು.

ಗುರುಗಳು ಬೆರಳಾಡಿಸಿ ನೋಡಿದರು. “ಬಂಪರ್ ಕೂಡ್ಸು,” ಎಂದರು.

ಬಂಪರ್ ಕೈಯಲ್ಲಿ ಹಿಡಿದು ತಿಪ್ಪೇಶಿ ನಿಂತೇ ಇದ್ದ. ಮುಚ್ಚಲು ಮನಸ್ಸು ಬರಲಿಲ್ಲ.

“ಗುರುಗಳೇ, ಇದನ್ನ ಕೂಡಿಸಿಬಿಟ್ರ ಒಳಗಿಂದು ಯಾರಿಗೂ ಕಾಣಂಗಿಲ್ಲ. ನಾ ಇಷ್ಟು ಚಲೋ ಮಾಡೀನಂತ ಆ ಕೂಸಿಗೆ ಹೆಂಗ ಗೊತ್ತಾಗಬೇಕ್ರಿ?”

ಗುರುಗಳು ನಕ್ಕು ಬಂಪರಿನ ಇನ್ನೊಂದು ತುದಿಗೆ ಕೈ ಕೊಟ್ಟರು.

“ಆ ಕೂಸಿಗೆ ಯಾವತ್ತೂ ಗೊತ್ತಾಗೋದು ಬ್ಯಾಡ ಅಂತ ದೇವರಿಗೆ ಕೈ ಮುಗಿಯೋ ತಿಪ್ಪೇಶಿ.”