ಪರದೆ ಸರಿದ ಮೇಲೆ

"ಗುರುಗಳೇ, ನಾಳೆ ವಾದಕ್ಕೆ ಕೂರಬೇಕು. ಎದುರಾಳಿಯ ಮನಸ್ಸಿನಲ್ಲಿರುವುದನ್ನು ಮೊದಲೇ ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಅವನ ತಮ್ಮ ಮಾಡದ ತಪ್ಪಿಗೆ ಸೆರೆಮನೆ ಸೇರಿದ್ದ. ಆಸ್ಥಾನದ ಚದುರಂಗದಾಟಗಾರನನ್ನು ಸೋಲಿಸಿದವನು ಒಬ್ಬ ಸೆರೆಯಾಳನ್ನು ಬಿಡಿಸಿಕೊಳ್ಳಬಹುದು ಎಂಬುದು ಆ ರಾಜ್ಯದ ಕಟ್ಟಳೆ. ಆದರೆ ಒಬ್ಬನಿಗೆ ಜೀವಮಾನದಲ್ಲಿ ಒಂದೇ ಆಟ. ನೇಕಾರ ಏಳು ವರ್ಷ ಮಗ್ಗದ ಪಕ್ಕದಲ್ಲೇ ಹಲಗೆ ಇಟ್ಟುಕೊಂಡು ಕಲಿತು, ಆಮೇಲೆ ಹೋಗಿ ಕುಳಿತ.

ಅಲ್ಲಿ ಆಟ ಶುರುವಾಗುವ ಬಗೆಯೇ ಬೇರೆ. ಮೊದಲು ನಡುವೆ ಪರದೆ ಹಿಡಿಯುತ್ತಾರೆ. ಇಬ್ಬರೂ ತಮ್ಮ ಅರ್ಧದೊಳಗೇ ಎಂಟೆಂಟು ನಡೆ ನಡೆಸಿಕೊಳ್ಳಬೇಕು. ಪರದೆ ಸರಿದೊಡನೆ ಯಾವ ಕಾಯಿ ಎಲ್ಲಿದೆ ಎಂದು ಸೇವಕನೊಬ್ಬ ಸಭೆಗೆ ಸಾರುತ್ತಾನೆ. ಮುಂದಿನ ಒಂದೊಂದು ನಡೆಯನ್ನೂ ಹಾಗೆಯೇ ಸಾರುತ್ತಾನೆ.

ಪರದೆ ಸರಿಯಿತು. ಎದುರಿಗಿದ್ದ ಮುದುಕ ಆಟಗಾರನ ಒಂದು ಕಾಯಿಯೂ ಜಾಗ ಬಿಟ್ಟಿರಲಿಲ್ಲ! ಒಂದೇ ಕುದುರೆಯನ್ನು ನಾಲ್ಕು ಸಲ ಹೊರಗೆ ತಂದು, ನಾಲ್ಕು ಸಲ ಒಳಗೆ ಕಟ್ಟಿದ್ದ. ಹಲಗೆಯತ್ತ ತಲೆ ಬಗ್ಗಿಸಲೂ ಇಲ್ಲ.

ನೇಕಾರ ಲೆಕ್ಕ ಹಾಕಿದ. ಮೂರೇ ನಡೆಯಲ್ಲಿ ಮುದುಕನ ಮಂತ್ರಿ ಕೈಗೆ ಸಿಗುವಂತಿತ್ತು. ಆದರೆ ಕಾರಣವಿಲ್ಲದೆ ಒಂದು ಎಳೆಯನ್ನೂ ಹಾಕದ ಕಸುಬು ಅವನದು. ಇಷ್ಟು ದೊಡ್ಡ ಆಟಗಾರ ಬಾಗಿಲು ತೆರೆದಿಟ್ಟಿದ್ದಾನೆ ಎಂದರೆ ಒಳಗೆ ಏನೋ ಕಾದಿದೆ ಎಂದುಕೊಂಡ. ತಮ್ಮನ ಮುಖ ಕಣ್ಣ ಮುಂದೆ ಬಂತು. ಮುಂದಿಟ್ಟಿದ್ದ ಆನೆಯನ್ನು ಹಿಂದಕ್ಕೆಳೆದ, ಮಂತ್ರಿಯನ್ನೂ ಹಿಂದಕ್ಕೆಳೆದ. ಒಂದೊಂದೇ ಕಾಯಿ ತಂದು ರಾಜನ ಸುತ್ತ ಒತ್ತೊತ್ತಾಗಿ ನಿಲ್ಲಿಸಿದ.

ಮುದುಕ ಅದೇ ಕುದುರೆಯನ್ನು ಮೆಲ್ಲಗೆ ನಡೆಸಿಕೊಂಡು ಬಂದು ನೇಕಾರನ ರಾಜನಿಗೆ ಗುರಿಯಿಟ್ಟ. ರಾಜನಿಗೆ ಓಡಲು ಒಂದು ಮನೆಯೂ ಖಾಲಿ ಇರಲಿಲ್ಲ. ದಾರಿ ಕಟ್ಟಿ ನಿಂತಿದ್ದವರೆಲ್ಲ ಅವನ ಕಡೆಯವರೇ.

"ನನ್ನ ತಮ್ಮ ಒಳಗೇ ಉಳಿದ, ಸ್ವಾಮಿ. ಆ ಎಂಟು ನಡೆಯ ಗುಟ್ಟಾದರೂ ಹೇಳಿ" ಎಂದು ನೇಕಾರ ಅತ್ತ.

"ಗುಟ್ಟೆಲ್ಲಿ ಬಂತಪ್ಪಾ? ಎರಡು ವರ್ಷದಿಂದ ನನಗೆ ಕಣ್ಣೇ ಕಾಣಿಸದು. ಪರದೆಯಿರುವಾಗ ಸಾರುವವರಿಲ್ಲ; ಕಾಯಿ ಕದಲಿಸಿದರೆ ಎಲ್ಲಿಟ್ಟೆ ಎಂಬುದು ಮರೆತುಹೋದೀತೆಂದು ಕುದುರೆಯೊಂದನ್ನೇ ಆಡಿಸಿ ಎಲ್ಲವನ್ನೂ ಇದ್ದಲ್ಲೇ ಬಿಟ್ಟೆ. ಆಮೇಲೆ ಸಾರುವವನ ದನಿ ಹಿಡಿದು ಆಡಿದೆ. ನೀನು ಮಂತ್ರಿಯನ್ನು ಹೊಡೆದಿದ್ದರೆ ನನ್ನ ಕತೆ ಅಲ್ಲಿಗೇ ಮುಗಿಯುತ್ತಿತ್ತು" ಎಂದ ಮುದುಕ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಕಣ್ಣಿಲ್ಲದವನು ಕಣ್ಣಿದ್ದವನನ್ನು ಗೆದ್ದುಬಿಟ್ಟನೇ?" ಎಂದ.

ಗುರುಗಳು ಹೇಳಿದರು: "ಅಂದು ಹಲಗೆ ಕಾಣದೆ ಆಡಿದವರು ಇಬ್ಬರು."