ಬಿಳಿನೊಣ ತಂದ ಮಾತು

ಒಂದು ತೋಟದಲ್ಲಿ ಎರಡು ಬೆಂಡೆಗಿಡಗಳು ನೀರುಗಾಲುವೆಯ ಆಚೆ ಈಚೆ ಗಂಡ ಹೆಂಡತಿಯಾಗಿ ಬಾಳುತ್ತಿದ್ದವು. ಹೆಂಡತಿಗೆ ಹಳದಿ ರೋಗ ಬಂತು. ಎಲೆಯ ನರವೆಲ್ಲ ಅರಿಶಿನ ಬಳಿದ ಹಾಗಾಯಿತು. ಬೆಳಿಗ್ಗೆ ತೋಟದವನು ಬಂದು ಅವಳನ್ನು ಬೇರುಸಮೇತ ಕಿತ್ತು ಬದುವಿನ ಮೇಲೆ ಎಸೆದ. ಗಂಡ ಕಾಲುವೆಯ ಈಚೆಯಿಂದ ಎಲ್ಲ ನೋಡಿದ. ಆ ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತು ತಿರುಗುವುದು ಬಿಳಿನೊಣ ಅಂತ ಅವನಿಗೆ ಗೊತ್ತಿತ್ತು.

ಮಧ್ಯಾಹ್ನ ಆ ನೊಣವೇ ಹಾರಿ ಬಂತು.

"ಹತ್ತಿರ ಬರಬೇಡ, ಹೋಗು!" ಅಂದ ಗಂಡ.

"ಹೋಗ್ತೀನಿ ಯಜಮಾನರೇ. ಬದುವಿನ ಕಡೆಯಿಂದ ಬಂದೆ. ನಿಮ್ಮ ಮನೆಯವರಿಗೆ ಇನ್ನೂ ಒಂದು ಚೂರು ಜೀವ ಇತ್ತು. ನಿಮಗೊಂದು ಮಾತು ಹೇಳಿ ಕಳಿಸಿದ್ದಾರೆ. ಬೇಡ ಅಂದರೆ ಬಿಡಿ."

ಗಂಡ ಎಲೆಗಳನ್ನು ಹಿಂದಕ್ಕೆ ಎಳೆದುಕೊಂಡ. "ಅಲ್ಲಿಂದಲೇ ಹೇಳು," ಅಂದ.

"ಗಾಳಿ ಜೋರಾಗಿದೆ. ಒಂದು ಗಳಿಗೆ ಕೂತು ಹೇಳ್ತೀನಿ."

ಹೆದರಿಕೆಯಲ್ಲೇ ಅವನು ಒಂದು ಎಲೆ ಮುಂದೆ ಚಾಚಿದ. ನೊಣ ಎಲೆಯಡಿ ಕೂತು, ಸೂಜಿಯಂಥ ಮೂತಿ ಚುಚ್ಚಿ, ಹೊಟ್ಟೆ ತುಂಬ ರಸ ಹೀರಿತು.

"ಏನಂದಳು?" ಅಂತ ಗಂಡ ಕೇಳಿದ.

ನೊಣ ಮೂತಿ ಒರೆಸಿಕೊಂಡು ಹೇಳಿತು: "ಬಿಳಿನೊಣ ಬಂದರೆ ಮಾತ್ರ ಕೂರಿಸ್ಕೋಬೇಡಿ ಅಂದರು."