ಹೋಗಿ ಬಂದ ಕೋಳಿಗಳು

ಭೂಮಿ ಆಗಷ್ಟೇ ಹಂಚಿನಿಂದ ಇಳಿದ ರೊಟ್ಟಿಯ ಹಾಗೆ ಬಿಸಿಬಿಸಿಯಾಗಿದ್ದ ಕಾಲ. ಎಲ್ಲಿ ಕೂರಬೇಕೆಂದು ಬೆಟ್ಟಗಳು ಇನ್ನೂ ಜಗಳವಾಡುತ್ತಿದ್ದವು. ಪ್ರಾಣಿಗಳಿಗೆ ಮಾತು ಹೊಸದು. ಏನು ಹೇಳಿದರೆ ಅದನ್ನೇ ಮಾಡುತ್ತಿದ್ದವು. ಕೂರು ಅಂದರೆ ಕೂತವು, ಏಳು ಅನ್ನುವವರೆಗೆ ಏಳುತ್ತಿರಲಿಲ್ಲ.

ಆಗ ಕೋಳಿಗಳಿದ್ದದ್ದು ಹೊಳೆಯಾಚೆ ಈರಜ್ಜಿಯ ಪುಟ್ಟ ತೋಟದಲ್ಲಿ ಮಾತ್ರ. ಈಚೆ ದಡದಲ್ಲಿ ಕೆಂಚಿ ಒಬ್ಬಳೇ ಗುಡಿಸಲು ಹಾಕಿಕೊಂಡಿದ್ದಳು. ಗುಡಿಸಲಿಗಿಂತ ಮುಂಚೆ ಕೋಳಿಗೂಡು ಕಟ್ಟಿದ್ದಳು ಅಂದರೆ ಅವಳ ಆಸೆ ಎಂಥದ್ದು ನೋಡು. ಅಂಗಳದಲ್ಲಿ ಯಾರೂ ಸದ್ದು ಮಾಡದ ಮನೆಯಲ್ಲಿ ಅವಳಿಗೆ ಊಟವೇ ರುಚಿಸುತ್ತಿರಲಿಲ್ಲ.

ಒಂದು ಬೆಳಗ್ಗೆ ಗಾಳಿ ಓಡೋಡಿ ಬಂತು. "ಕೆಂಚೀ, ಈರಜ್ಜಿ ಬಾ ಅಂದ್ಳು. ಮರಿ ಎದ್ದವೆ."

ಕೆಂಚಿ ದೊಡ್ಡ ಬಿದಿರುಬುಟ್ಟಿ, ಅದೇ ಮಂಕರಿ, ಎತ್ತಿಕೊಂಡು ಓಡಿದಳು. ಒಲೆಯ ಮೇಲಿದ್ದ ಸೊಪ್ಪಿನ ಸಾರು ಸೀದೇಹೋಯಿತು, ಹೋಗಲಿ ಬಿಡು.

ತೋಟದಲ್ಲಿ ಎಲ್ಲಿ ನೋಡಿದರೂ ಚಿಂವ್ ಚಿಂವ್. ಅಜ್ಜಿ ಇನ್ನೂ ಮೊಟ್ಟೆಯಿಡದ ಎಳೆ ಹ್ಯಾಟೆಗಳನ್ನು ಹಿಡಿದು ಕೊಟ್ಟಳು. "ಕಾಲಿಡ್ದು ತೂಗಾಡಿಸ್ಬ್ಯಾಡ ಮಗ, ಎದೆಗವುಚ್ಕೊ." ಆಗತಾನೆ ಮೊಟ್ಟೆಯೊಡೆದು ಬಂದ ಹೂಮರಿಗಳನ್ನು ಕೆಂಚಿಯ ಮಡಿಲಿಗೆ ಸುರಿದಳು. ಬಿಸಿಬಿಸಿ ಮರಿಗಳ ಎದೆ ಡವಡವ. ಕೆಂಚಿಯದೂ ಡವಡವ. ಅವಳಿಗೆ ನಗು ತಡೆಯಲಾಗಲಿಲ್ಲ.

ಹೊರಡುವಾಗ ಅಜ್ಜಿ ವಾಡಿಕೆಯಂತೆ ಅಂದಳು: "ಹೋಗ್ಬುಟ್ಟು ಬನ್ರವ್ವ."

ಮನೆ ಬಿಟ್ಟು ಹೊರಟವರಿಗೆ ಬರಿದೇ ಹೋಗಿ ಅನ್ನುತ್ತಾರೆಯೇ? ಅಜ್ಜಿಯದು ತಪ್ಪಲ್ಲ.

ಕೆಂಚಿ ಅಂಗಳದಲ್ಲಿ ಮಂಕರಿ ತೆರೆದಳು. ಕೋಳಿಗಳು ಗೂಡು ನೋಡಿದವು, ರಾಗಿ ತಿಂದವು, ನೀರು ಕುಡಿದವು. ಹೊತ್ತು ಇಳಿಯುತ್ತಿದ್ದಂತೆ ಸಾಲುಗಟ್ಟಿ ಹೊಳೆಯ ಕಡೆ ಹೊರಟೇಬಿಟ್ಟವು. ಹ್ಯಾಟೆಗಳು ಮುಂದೆ, ಮರಿಗಳು ಹಿಂದೆ.

ಮಾರನೆಯ ದಿನ ಕೆಂಚಿ ಮತ್ತೆ ಹೋಗಿ ತಂದಳು. ಅಜ್ಜಿ ಮತ್ತೆ "ಹೋಗ್ಬುಟ್ಟು ಬನ್ನಿ" ಅಂದಳು. ಸಂಜೆಗೆ ಅವು ಮತ್ತೆ ಹೊರಟವು. ಈ ಸಲ ಹೊಳೆಯೇ ಕೂಗಿತು. "ಕೆಂಚೀ, ಬಾರೇ ಬ್ಯಾಗ. ನಿನ್ ಮರಿಗೊಳು ನನ್ ಕಲ್ ಮ್ಯಾಲೆ ಕುಪ್ಪಳಿಸ್ತಾ ಅವೆ. ಆಚೆ ದಡದಲ್ಲಿ ನರಿ ಬಾಯ್ ನೆಕ್ಕೊಂಡು ಕೂತದೆ."

ಕೆಂಚಿ ಬಿದ್ದೆನೋ ಕೆಟ್ಟೆನೋ ಎಂದು ಓಡಿದಳು. ನರಿಯ ಬಾಯಿಗೆ ಸಿಕ್ಕಿದ್ದು ಒಂದು ಹ್ಯಾಟೆಯ ಬಾಲದ ಪುಕ್ಕ ಮಾತ್ರ. "ಇರ್ಲಿ ಬುಡು, ನಾಳೆನೂ ಬರ್ತವಲ್ಲ" ಅಂತ ನರಿ ಪೊದೆಗೆ ನುಗ್ಗಿತು.

ಕೋಳಿಗಳ ಹಿಂದೆಯೇ ಹೊಳೆ ದಾಟಿ ತೋಟಕ್ಕೆ ಹೋದ ಕೆಂಚಿ ಅಜ್ಜಿಯ ಮುಂದೆ ಅತ್ತೇಬಿಟ್ಟಳು. "ನಾ ಏನ್ ಕಮ್ಮಿ ಮಾಡ್ದೆ ಅಜ್ಜಿ? ನನ್ ಮನೆ ಯಾಕೆ ಇವಕ್ಕೆ ಒಗ್ತಿಲ್ಲ?"

ಬಾಲದ ಪುಕ್ಕ ಕಳೆದುಕೊಂಡ ಹ್ಯಾಟೆಗೆ ಕೋಪ ಬಂತು. "ಒಗ್ದೆ ಏನು? ಹೋಗಿ ಬನ್ನಿ ಅಂದ್ಳು ಅಜ್ಜಿ. ಹೋದ್ವಿ, ಬಂದ್ವಿ. ಇದ್ರಲ್ಲಿ ನಮ್ದೇನು ತಪ್ಪು?"

ಕೆಂಚಿ ಕಣ್ಣೊರೆಸಿಕೊಂಡಳು. "ಹಂಗಾರೆ ಬರೀ ಹೋಗಿ ಅನ್ನು ಅಜ್ಜಿ."

ಅಜ್ಜಿ ಬಾಯಿ ತೆರೆದಳು. ಅನ್ನುವ ಬದಲು ಒಂದು ಮರಿಯನ್ನೆತ್ತಿ ಎದೆಗವುಚಿಕೊಂಡಳು. ಕೈಯಾರೆ ಸಾಕಿದ ಮಕ್ಕಳಿಗೆ ಹೋಗಿ ಅನ್ನುವುದು ಹೇಗೆ? ಅವಳ ಕಣ್ಣೂ ತುಂಬಿತು.

"ಬ್ಯಾಡ, ನೀ ಏನೂ ಅನ್ಬ್ಯಾಡ" ಅಂದಳು ಕೆಂಚಿ. "ನಾ ಅಂತೀನಿ, ನನ್ ಬಾಗ್ಲಲ್ಲಿ."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೀಳ್ಕೊಟ್ಟಳು. ಆ ರಾತ್ರಿ ಕೆಂಚಿ ಕೋಳಿಗಳನ್ನು ಮನೆಯೊಳಗೆ ಮಂಕರಿಯಡಿ ಮುಚ್ಚಿಟ್ಟಳು. ಬೆಳಗಾದ ಮೇಲೆ ಹೊಸ್ತಿಲಲ್ಲಿ ನಿಂತು ಮಂಕರಿ ಎತ್ತಿ, ಗಂಟಲು ಸರಿಮಾಡಿಕೊಂಡು ಅಂದಳು: "ಹೋಗ್ಬುಟ್ಟು ಬನ್ರವ್ವ."

ಅವು ಹೋದವು. ಬೇಲಿ ದಾಟಿ, ಹೊಲ ದಾಟಿ ಕಣ್ಮರೆಯಾದವು. ಕೆಂಚಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಗುಡಿಸಿದ ಅಂಗಳವನ್ನೇ ಗುಡಿಸಿದಳು. ಹೊತ್ತು ಕೆಂಪಾಯಿತು. ಹೊಳೆಯ ದಡದಲ್ಲಿ ನರಿ ಕಾದು ಕಾದು ಆಕಳಿಸಿತು.

ಆಗ ಬೇಲಿಯ ಸಂದಿಯಲ್ಲಿ ಬಾಲ ಬೋಳಾದ ಹ್ಯಾಟೆ ತಲೆ ತೂರಿಸಿತು. ಅದರ ಹಿಂದೆ ಮಿಕ್ಕ ಹ್ಯಾಟೆಗಳು. ಅವುಗಳ ಹಿಂದೆ ಧೂಳೆಬ್ಬಿಸುತ್ತ ಹೂಮರಿಗಳು, ಚಿಂವ್ ಚಿಂವ್ ಚಿಂವ್.

"ಬಂದ್ವಿ ಕಣವ್ವ" ಅಂದಿತು ಹ್ಯಾಟೆ, ಸೀದಾ ಗೂಡಿಗೆ ನಡೆಯಿತು. ಕೆಂಚಿ ನಗುತ್ತಲೇ ಅತ್ತಳು.

ಅದಕ್ಕೇ ಈಗಲೂ ಹೊಸದಾಗಿ ತಂದ ಕೋಳಿಯನ್ನು ಮೊದಲು ಮಂಕರಿಯಡಿ ಮುಚ್ಚಿಡುತ್ತಾರೆ, ಆಮೇಲೆ ಯಾರೂ ಕರೆಯದಿದ್ದರೂ ಅದು ಹೊತ್ತು ಮುಳುಗುವ ಮುಂಚೆ ಮನೆಗೆ ಬರುತ್ತದೆ. ನಾಳೆ ಬೆಳಗ್ಗೆ ಗೂಡಿನ ಬಾಗಿಲು ತೆಗೆದಾಗ ನೋಡು ಕಂದ, ಕೋಳಿ ಒಂದು ಕಾಲೆತ್ತಿ, ಕತ್ತು ಓರೆಮಾಡಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತದೆ; ನೀನು "ಹೋಗಿ ಬಾ" ಅನ್ನಲಿ ಎಂದು ಕಾಯುತ್ತದೆ.